ಪೆಲೆಗ: ವಂಶಾವಳಿ ಕವಲೊಡೆದ ಜಾಗದ ಹೆಸರು

ಪ್ರಶ್ನೆ: ನಮ್ಮ ಮನೆಯಲ್ಲಿ ಆದಿಕಾಂಡ ಓದುವಾಗ ವಂಶಾವಳಿ ಬಂದರೆ ಎಲ್ಲರೂ ಪುಟ ಮಗುಚಿ ಮುಂದೆ ಹೋಗುವುದು ರೂಢಿ. ಈ ಸಲ ನಾನು ಹಟ ಹಿಡಿದು ಒಂದೊಂದೇ ಹೆಸರು ಓದಿದೆ. ಹತ್ತನೆಯ ಅಧ್ಯಾಯದಲ್ಲಿ ಏಬೆರನ ಮಗ ಪೆಲೆಗ ಎಂಬವನ ಹೆಸರು ಬರುತ್ತದೆ. ಅವನ ಕಾಲದಲ್ಲಿ ಭೂಮಿ ವಿಭಾಗವಾದ್ದರಿಂದ ಆ ಹೆಸರು ಬಂತೆಂದು ಅಲ್ಲೇ ಹೇಳಿದೆ. ಆ ಹೆಸರಿನ ನಿಜವಾದ ಅರ್ಥವೇನು? ನಮ್ಮ ಕನ್ನಡದ 'ಪಾಲು' ಎಂಬ ಮಾತಿಗೂ ಅದಕ್ಕೂ ನಂಟಿದೆಯೇ? ಆ ಕಾಲದಲ್ಲೇ ಖಂಡಗಳು ಒಡೆದು ದೂರವಾದವು ಎಂದು ಒಬ್ಬರು ಹೇಳಿದರು. ಅದು ಸರಿಯೇ?

ಉತ್ತರ: ಎಲ್ಲರೂ ದಾಟಿಕೊಂಡು ಹೋಗುವ ಸಾಲಿನಲ್ಲಿ ನೀವು ನಿಂತಿರಿ, ಸಂತೋಷ. ವಂಶಾವಳಿಯ ಹೆಸರುಗಳಲ್ಲಿ ಹೆಚ್ಚಿನವಕ್ಕೆ ಬೈಬಲು ವಿವರಣೆಯನ್ನೇ ಕೊಡುವುದಿಲ್ಲ. ಪೆಲೆಗನ ಹತ್ತಿರ ಮಾತ್ರ ಅದು ಒಂದು ಗಳಿಗೆ ನಿಂತು, ಈ ಹೆಸರು ಏಕೆ ಬಂತೆಂದು ಹೇಳಿ ಮುಂದೆ ಹೋಗುತ್ತದೆ. ಪಟ್ಟಿ ಬರೆದವನೇ ನಿಂತ ಕಡೆ ಓದುವವರೂ ನಿಲ್ಲುವುದು ನ್ಯಾಯ.

ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಹೀಬ್ರೂ ಭಾಷೆಯಲ್ಲಿ 'ಪೆಲೆಗ್' ಎಂದರೆ ಕಾಲುವೆ, ಅಂದರೆ ನೀರನ್ನು ಬೇರೆ ದಾರಿಗೆ ಹರಿಸಲು ತೋಡಿದ ಕವಲು. ಅದರ ಧಾತುವಿಗೆ ಸೀಳು, ಭಾಗಮಾಡು ಎಂಬ ಅರ್ಥವಿದೆ. ಕನ್ನಡದ ಪಾಲಿಗೂ ಅದಕ್ಕೂ ರಕ್ತಸಂಬಂಧವಿಲ್ಲ. ಖಂಡಗಳು ಒಡೆದ ಕಥೆಗೂ ಆ ವಚನಕ್ಕೂ ಸಂಬಂಧವಿಲ್ಲ. ಇನ್ನು ಒಂದೊಂದನ್ನೇ ಬಿಡಿಸಿ ನೋಡೋಣ.

ಹೀಬ್ರೂ, ಅರಬ್ಬಿ, ಅರಾಮಿಕ್, ಹಳೆಯ ಬಾಬಿಲೋನಿನ ಅಕ್ಕಾಡಿಯನ್, ಇವೆಲ್ಲ ಒಂದೇ ಮನೆತನದ ಭಾಷೆಗಳು. ಇವುಗಳಲ್ಲಿ ಮಾತಿನ ಬೇರು ಸಾಮಾನ್ಯವಾಗಿ ಮೂರು ವ್ಯಂಜನಗಳಲ್ಲಿ ಅಡಗಿರುತ್ತದೆ. ಸ್ವರಗಳು ಬದಲಾದಂತೆ ಹೊಸ ಹೊಸ ಪದಗಳು ಹುಟ್ಟುತ್ತವೆ. ಅರಬ್ಬಿಯಿಂದ ನಮ್ಮ ಬಾಯಿಗೂ ಬಂದಿರುವ 'ಕಿತಾಬು' ಎಂಬ ಮಾತನ್ನೇ ತೆಗೆದುಕೊಳ್ಳಿ. ಅದರ ಬೇರು ಕ-ತ-ಬ, ಬರೆಯುವುದು. ಬರೆದದ್ದು ಕಿತಾಬ್, ಬರೆಯುವವನು ಕಾತಿಬ್, ಬರೆಯಲು ಕಲಿಸುವ ಜಾಗ ಮಕ್ತಬ್. ಹಾಗೆಯೇ ಪೆಲೆಗನ ಹೆಸರಿನ ಬೇರು ಪ-ಲ-ಗ.

ಈ ಬೇರಿನಿಂದ ಒಡೆದ ಚಿಗುರುಗಳನ್ನು ಬೈಬಲಿನಲ್ಲೇ ಹುಡುಕಬಹುದು. ಒಂದನೆಯ ಕೀರ್ತನೆಯಲ್ಲಿ ನೀತಿವಂತನನ್ನು ನೀರಿನ ಪಕ್ಕದಲ್ಲಿ ನೆಟ್ಟ ಮರಕ್ಕೆ ಹೋಲಿಸಿದೆಯಲ್ಲ, ಆ ನೀರಿಗೆ ಹೀಬ್ರೂವಿನಲ್ಲಿರುವ ಮಾತು 'ಪಲ್ಗೇ ಮಾಯಿಮ್'. 'ಪಲ್ಗೇ' ಎಂಬುದು ಪೆಲೆಗ್ ಎಂಬುದರ ಬಹುವಚನ, 'ಮಾಯಿಮ್' ಎಂದರೆ ನೀರು. ಆ ಕೀರ್ತನೆಯನ್ನು ಬಾಯಿಪಾಠ ಮಾಡಿದವರೆಲ್ಲ ಪೆಲೆಗನ ಹೆಸರನ್ನು ತಿಳಿಯದೆಯೇ ನೆನೆದಿದ್ದಾರೆ. ಯೋಬನ ಗ್ರಂಥದ 38ನೆಯ ಅಧ್ಯಾಯದಲ್ಲಿ ದೇವರು, ಸುರಿಮಳೆಯ ನೀರು ಹರಿಯಲು ದಾರಿ ಕಡಿದವರು ಯಾರು ಎಂದು ಯೋಬನನ್ನು ಕೇಳುತ್ತಾನೆ. ಅಲ್ಲಿ ಕಡಿಯುವುದಕ್ಕೆ ಇದೇ ಧಾತುವಿನ ಕ್ರಿಯಾಪದವಿದೆ. ಅರಾಮಿಕ್ ಭಾಷೆಯಲ್ಲಿರುವ ದಾನಿಯೇಲನ ಅಧ್ಯಾಯಗಳಲ್ಲಿ ಇದು ಇನ್ನೊಂದು ಕಡೆಗೆ ತಿರುಗುತ್ತದೆ. ಎರಡನೆಯ ಅಧ್ಯಾಯದಲ್ಲಿ ಒಡೆದುಹೋದ ರಾಜ್ಯವನ್ನು ಹೇಳಲು, ಏಳನೆಯ ಅಧ್ಯಾಯದಲ್ಲಿ ಅರ್ಧಕಾಲವನ್ನು ಹೇಳಲು ಇದೇ ಬೇರಿನ ಪದಗಳು ಬರುತ್ತವೆ.

ಈ 'ಅರ್ಧ' ಎಂಬ ಅರ್ಥ ಯೆಹೂದಿಗಳ ದಿನಚರಿಯಲ್ಲಿ ಇಂದಿಗೂ ಬದುಕಿದೆ. ಮಧ್ಯಾಹ್ನದ ನಂತರದ ಪ್ರಾರ್ಥನೆಯ ಕಾಲವನ್ನು ಲೆಕ್ಕ ಹಾಕುವಾಗ ಅವರು ಹಗಲನ್ನು 12 ಪಾಲು ಮಾಡಿ, ಕೊನೆಯ ಎರಡೂವರೆ ಪಾಲನ್ನು ಮತ್ತೆ ಸರಿಯಾಗಿ ಎರಡು ಮಾಡುತ್ತಾರೆ. ಆ ನಡುವಿನ ಗಳಿಗೆಗೆ 'ಪ್ಲಗ್ ಹಮಿನ್ಹಾ' ಎಂದು ಹೆಸರು, ಅಂದರೆ ಮಿನ್ಹಾ ಪ್ರಾರ್ಥನೆಯ ಅರ್ಧ.

ಅಕ್ಕಾಡಿಯನ್ ಭಾಷೆಯಲ್ಲಿ 'ಪಲ್ಗು' ಎಂದರೆ ಹೊಲಕ್ಕೆ ನೀರು ತರುವ ಕಾಲುವೆ. ಯೂಫ್ರೆಟಿಸ್, ಟೈಗ್ರಿಸ್ ನದಿಗಳ ಬಯಲಿನಲ್ಲಿ ಕಾಲುವೆ ಎಂದರೆ ಅನ್ನ. ದಕ್ಷಿಣದ ಬಾಬಿಲೋನಿಯದಲ್ಲಿ ಮಳೆಯನ್ನು ನೆಚ್ಚಿ ಬೆಳೆ ತೆಗೆಯುವಂತಿರಲಿಲ್ಲ. ಕ್ರಿಸ್ತಪೂರ್ವ 18ನೆಯ ಶತಮಾನದ ಹಮ್ಮುರಾಬಿ ರಾಜನ ಕಾನೂನುಗಳಲ್ಲಿ ಕಾಲುವೆಯ ವಿಷಯಕ್ಕೇ ಹಲವು ಕಟ್ಟಳೆಗಳಿವೆ. ತನ್ನ ಏರಿಯನ್ನು ಭದ್ರಮಾಡದೆ ಮೈಮರೆತವನ ಕಡೆಯಿಂದ ನೀರು ನುಗ್ಗಿ ನೆರೆಯವರ ಬೆಳೆ ಹಾಳಾದರೆ ಆ ನಷ್ಟವನ್ನು ಅವನೇ ಧಾನ್ಯದಲ್ಲಿ ತುಂಬಿಕೊಡಬೇಕಿತ್ತು. ಅಂಥ ನಾಡಿನಲ್ಲಿ ಮಗುವಿಗೋ ಊರಿಗೋ ಕಾಲುವೆಯ ಹೆಸರು ಇಟ್ಟರೆ ಅದು ತೀರ ಸಹಜ.

ಅರಬ್ಬಿಯಲ್ಲಿ ಇದೇ ಬೇರು ಫ-ಲ-ಜ ಆಗಿದೆ. ಹೀಬ್ರೂವಿನ ಪಕಾರ ಅರಬ್ಬಿಯಲ್ಲಿ ಫಕಾರವಾಗುವುದು, ಗಕಾರ ಜಕಾರವಾಗುವುದು ನಿಯಮ. ಒಂಟೆಗೆ ಹೀಬ್ರೂವಿನಲ್ಲಿ 'ಗಾಮಾಲ್' ಎಂದರೆ ಅರಬ್ಬಿಯಲ್ಲಿ 'ಜಮಲ್'. ಆದ್ದರಿಂದ ಪೆಲೆಗ್ ಅಲ್ಲಿ 'ಫಲಜ್', ಅರ್ಥ ಮತ್ತೆ ನೀರಿನ ಕಾಲುವೆಯೇ. ಇದೇ ಬೇರಿನ ಇನ್ನೊಂದು ಚಿಗುರನ್ನು ನಮ್ಮ ನಾಡಿನ ಉರ್ದು ಮಾತನಾಡುವ ಮನೆಗಳಲ್ಲಿ ನೀವು ಕೇಳಿರಬಹುದು. ಲಕ್ವ ಹೊಡೆದು ಮೈಯ ಒಂದು ಭಾಗ ಸ್ವಾಧೀನ ತಪ್ಪಿದರೆ ಅದಕ್ಕೆ 'ಫಾಲಿಜ್' ಎನ್ನುತ್ತಾರೆ. ಮೈಯನ್ನು ನಡುವೆ ಸೀಳಿದಂತೆ ಅರ್ಧ ಸತ್ತು ಅರ್ಧ ಉಳಿಯುವ ರೋಗ ಎಂಬುದು ಆ ಹೆಸರಿನ ಒಳಗಿನ ಚಿತ್ರ. ನಾವು ಪಾರ್ಶ್ವವಾಯು ಎನ್ನುವಾಗಲೂ ಮೈಯ ಒಂದು ಪಕ್ಕವನ್ನೇ ತಾನೆ ನೆನೆಯುವುದು?

ಹೆಸರಿನ ಉಚ್ಚಾರದ ಬಗ್ಗೆಯೂ ಒಂದು ಮಾತು. ನಮ್ಮ ಬೈಬಲಿನಲ್ಲಿ 'ಪೆಲೆಗ' ಎಂದಿದ್ದರೂ ಹಳೆಯ ಕಾಲದಲ್ಲಿ ಅದು 'ಪಲ್ಗ್' ಎಂಬುದಕ್ಕೆ ಹತ್ತಿರವಾಗಿತ್ತು. ಅಕ್ಕಾಡಿಯನ್ನಿನ ಪಲ್ಗು, ಬಹುವಚನದ ಪಲ್ಗೇ, ಎರಡೂ ಅದನ್ನೇ ತೋರಿಸುತ್ತವೆ. ಕ್ರಿಸ್ತಪೂರ್ವದಲ್ಲೇ ಆದ ಗ್ರೀಕ್ ಅನುವಾದದಲ್ಲಿ ಈತ 'ಫಾಲೆಕ್'. ಲೂಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಯೇಸುವಿನ ಪೂರ್ವಜರನ್ನು ಎಣಿಸುವಾಗ ಬರುವುದೂ ಗ್ರೀಕಿನ ಇದೇ ರೂಪ. ಕೊನೆಯಲ್ಲಿ ಒತ್ತಾಗಿ ಬರುವ ಎರಡು ವ್ಯಂಜನಗಳ ನಡುವೆ ಹೀಬ್ರೂ ಒಂದು ಎಕಾರವನ್ನು ತುರುಕಿತು, ಮೊದಲ ಅಕಾರವೂ ಅದರ ಜೊತೆ ಎಕಾರವಾಯಿತು. ಅರಸನಿಗೆ ಹೇಳುವ 'ಮಲ್ಕ್' ಹೀಬ್ರೂವಿನಲ್ಲಿ 'ಮೆಲೆಕ್' ಆದದ್ದೂ ಹೀಗೆಯೇ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಪೆಲೆಗ, ಪಾಲು. ಪಕಾರ ಇದೆ, ಲಕಾರ ಇದೆ, ಅರ್ಥವೂ ಒಂದೇ. ಕಿವಿಗೆ ಅಕ್ಕತಂಗಿಯರಂತೆ ಕೇಳಿಸುತ್ತವೆ. ಆದರೆ ಎರಡು ಭಾಷೆಗಳ ಪದಗಳಿಗೆ ನಂಟಿದೆ ಎನ್ನಲು ಒಂದು ಜೋಡಿ ಹೋಲಿಕೆ ಸಾಲದು. ಒಂದೇ ಬಗೆಯ ಧ್ವನಿಬದಲಾವಣೆ ಪದದಿಂದ ಪದಕ್ಕೆ ತಪ್ಪದೆ ಮರಳಿ ಮರಳಿ ಬರಬೇಕು. ಹೀಬ್ರೂ ಮತ್ತು ಅರಬ್ಬಿಯ ನಡುವೆ ಅಂಥ ನಿಯಮಗಳಿವೆ, ಆಗಲೇ ನೋಡಿದೆವು. ಕನ್ನಡದೊಳಗೂ ಇವೆ. ಹಳಗನ್ನಡದ ಪಳ್ಳಿ ಹಳ್ಳಿಯಾಯಿತು, ಪೂ ಹೂವಾಯಿತು, ಪಂಚು ಎಂಬುದು ಹಂಚು ಆಯಿತು. ನಮ್ಮ 'ಪಾಲು' ದ್ರಾವಿಡ ಮನೆತನದ್ದು. ತಮಿಳಿನಲ್ಲಿ ಭಾಗಕ್ಕೆ 'ಪಾಲ್', ಭಾಗಮಾಡುವುದಕ್ಕೆ 'ಪಗು' ಎಂಬ ಮಾತುಗಳಿವೆ. ಅಲ್ಲಿ ಗಕಾರ ಲಕಾರಕ್ಕಿಂತ ಮೊದಲು ಬರುವ ಬೇರಿದೆ. ಹೀಬ್ರೂವಿನ ಬೇರಿನಲ್ಲಿ ಅದು ಕೊನೆಯಲ್ಲಿದೆ. ಕನ್ನಡಕ್ಕೂ ಹೀಬ್ರೂವಿಗೂ ನಡುವೆ ಕ್ರಮಬದ್ಧವಾದ ಧ್ವನಿಸಂಬಂಧ ಯಾವುದೂ ಇಲ್ಲ. ಆದ್ದರಿಂದ ಇದು ಆಕಸ್ಮಿಕ ಹೋಲಿಕೆ. ಹಾಗೆಂದು ನೀವು ಕೇಳಿಸಿಕೊಂಡ ಧ್ವನಿಯನ್ನು ಮರೆತುಬಿಡಬೇಕಾಗಿಲ್ಲ. ಪೆಲೆಗ ಎಂದರೆ ಏನೆಂದು ನೆನಪಿಡಲು ಕನ್ನಡಿಗರಿಗೆ ಅದಕ್ಕಿಂತ ಒಳ್ಳೆಯ ಗುರುತು ಇನ್ನೊಂದಿಲ್ಲ.

ಇನ್ನು ಬೈಬಲು ಕೊಡುವ ವಿವರಣೆಗೆ ಬರೋಣ. ಅವನ ದಿನಗಳಲ್ಲಿ ಭೂಮಿ ವಿಭಾಗವಾಯಿತು ಎಂಬಲ್ಲಿ ಹೀಬ್ರೂವಿನ ಕ್ರಿಯಾಪದ 'ನಿಫ್ಲೆಗಾ'. ಅದರೊಳಗೆ ಪ-ಲ-ಗ ಕಾಣುತ್ತದೆ, ಪಕಾರ ಅಲ್ಲಿ ಫಕಾರವಾಗಿದೆ ಅಷ್ಟೆ. ಹೆಸರನ್ನು ಉಚ್ಚರಿಸಿ, ಒಡನೆಯೇ ಅದೇ ಧ್ವನಿಯ ಕ್ರಿಯಾಪದವನ್ನು ಪಕ್ಕದಲ್ಲಿ ಇಡುವುದು ಆದಿಕಾಂಡದ ಬಲು ಇಷ್ಟದ ರೀತಿ. ಇಸಾಕನ ಹೆಸರಿನ ಪಕ್ಕದಲ್ಲಿ ನಗು ಬರುತ್ತದೆ, ಏಕೆಂದರೆ 'ಯಿಚ್ಹಾಕ್' ಎಂದರೆ ನಗುತ್ತಾನೆ. ಪೆರೆಚನ ಹೆಸರಿನ ಪಕ್ಕದಲ್ಲಿ ಭೇದಿಸಿಕೊಂಡು ಬಂದ ಮಾತು ಬರುತ್ತದೆ.

ಇಂಥ ವಿವರಣೆಗಳನ್ನು ನಿಘಂಟಿನ ಅರ್ಥದಂತೆ ತೆಗೆದುಕೊಳ್ಳಬಾರದು. ನೋಹನ ಹೆಸರನ್ನೇ ನೋಡಿ. ಅದರ ಬೇರಿಗೆ ವಿಶ್ರಾಂತಿ ಎಂಬ ಅರ್ಥ. ಆದರೆ ಅವನ ತಂದೆ ಹೆಸರಿಡುವಾಗ ಹೇಳುವುದು ಸಮಾಧಾನಪಡಿಸುವುದನ್ನು, ಹೀಬ್ರೂವಿನಲ್ಲಿ ಅದು ಬೇರೆಯೇ ಧಾತು. ಎರಡಕ್ಕೂ ಧ್ವನಿ ಮಾತ್ರ ಹತ್ತಿರ. ಬಾಬೆಲ್ ಊರಿನದೂ ಇದೇ ಕಥೆ. ಅಲ್ಲಿನವರ ಬಾಯಲ್ಲಿ ಅದು 'ಬಾಬ್-ಇಲಿ', ದೇವರ ಬಾಗಿಲು. ಆದಿಕಾಂಡ ಅದರಲ್ಲಿ ಕಲಸುವುದು, ಗಲಿಬಿಲಿ ಮಾಡುವುದು ಎಂಬ ಅರ್ಥದ 'ಬಾಲಲ್' ಧಾತುವನ್ನು ಕೇಳಿಸಿಕೊಂಡಿತು. ಹೆಸರು ಹುಟ್ಟಿದ್ದು ಹೇಗೆ ಎಂಬುದು ಒಂದು ಪ್ರಶ್ನೆ, ಆ ಹೆಸರಿನಲ್ಲಿ ಜನ ಏನನ್ನು ಕೇಳಿಸಿಕೊಂಡರು ಎಂಬುದು ಇನ್ನೊಂದು. ಪೆಲೆಗ ಎಂಬುದು ಕಾಲುವೆಯ ಹೆಸರಾಗಿ ಹುಟ್ಟಿರಬಹುದು. ವಂಶಾವಳಿ ಬರೆದವನು ಅದರಲ್ಲಿ ಒಂದು ದೊಡ್ಡ ವಿಭಜನೆಯ ನೆನಪನ್ನು ಕೇಳಿಸಿಕೊಂಡ. ಇಲ್ಲಿ ಎರಡೂ ಒಂದೇ ಧಾತುವಿನವು ಎಂಬುದರಿಂದ ವಿವರಣೆ ಹೆಸರಿಗೆ ಚೆನ್ನಾಗಿಯೇ ಒಗ್ಗುತ್ತದೆ.

ಹಾಗಾದರೆ ವಿಭಾಗವಾದದ್ದು ಏನು? ಒಂದೇ ಸಾಲಿನ ಮಾತಾದ್ದರಿಂದ ಓದುಗರು ಎರಡು ಸಾವಿರ ವರ್ಷಗಳಿಂದ ಇದನ್ನು ಚರ್ಚಿಸುತ್ತ ಬಂದಿದ್ದಾರೆ.

ಹೆಚ್ಚು ಜನ ಒಪ್ಪಿದ ಉತ್ತರ ಬಾಬೆಲಿನ ಗೋಪುರ. ಹನ್ನೊಂದನೆಯ ಅಧ್ಯಾಯದ ಆ ಕಥೆಯಲ್ಲಿ ಮನುಷ್ಯರ ಭಾಷೆ ಗಲಿಬಿಲಿಯಾಗಿ ಅವರು ದಿಕ್ಕುದಿಕ್ಕಿಗೆ ಚದುರಿಹೋಗುತ್ತಾರೆ. ಇದಕ್ಕೆ ಒಂದು ಗಟ್ಟಿ ಆಧಾರ 55ನೆಯ ಕೀರ್ತನೆಯಲ್ಲಿದೆ. ಅಲ್ಲಿ ದಾವೀದ ತನ್ನ ವೈರಿಗಳ ನಾಲಿಗೆಯನ್ನು ಭಾಗಮಾಡು ಎಂದು ದೇವರನ್ನು ಬೇಡುವಾಗ ಬರುವುದು ಇದೇ ಪ-ಲ-ಗ. ಭಾಷೆ ಒಡೆಯುವುದಕ್ಕೆ ಈ ಧಾತು ಸಲ್ಲುತ್ತದೆ ಎಂದಾಯಿತು. ಒಂದನೆಯ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಕೂಡ ಜನಾಂಗಗಳು ತಮ್ಮ ತಮ್ಮ ನಾಡುಗಳಿಗೆ ಚದುರಿದ ಹೊತ್ತಿನಲ್ಲಿ ಹುಟ್ಟಿದ್ದರಿಂದ ಇವನಿಗೆ ಈ ಹೆಸರು ಬಂತೆಂದು ಬರೆದಿದ್ದಾನೆ.

ಎರಡನೆಯ ಉತ್ತರ ಆಸ್ತಿ ಪಾಲಿನದು. ಕ್ರಿಸ್ತಪೂರ್ವ ಎರಡನೆಯ ಶತಮಾನದ 'ಜುಬಿಲಿಗಳ ಗ್ರಂಥ' ಎಂಬ ಯೆಹೂದಿ ಕೃತಿ ಪೂರ್ತಿಯಾಗಿ ಉಳಿದಿರುವುದು ಇಥಿಯೋಪಿಯದ ಗೀಜ್ ಭಾಷೆಯಲ್ಲಿ. ಅದರ ಹೀಬ್ರೂ ತುಣುಕುಗಳು ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ಸಿಕ್ಕಿವೆ. ಅದರ ಪ್ರಕಾರ ಪೆಲೆಗ ಹುಟ್ಟಿದ ಕಾಲಕ್ಕೆ ನೋಹನ ಮಕ್ಕಳು ಭೂಮಿಯನ್ನು ಹಂಚಿಕೊಳ್ಳಲು ತೊಡಗಿದರು. ಕೊನೆಗೆ ನೋಹನೇ ನಿಂತು ಚೀಟಿ ಹಾಕಿಸಿ ಪಾಲು ಮಾಡಿಕೊಟ್ಟ. ಯಾಫೆತನಿಗೆ ಚಳಿಯ ಉತ್ತರ, ಹಾಮನಿಗೆ ಬಿಸಿಲಿನ ದಕ್ಷಿಣ, ಶೇಮನಿಗೆ ಚಳಿಯೂ ಬಿಸಿಲೂ ಹದವಾಗಿರುವ ನಡುನಾಡು. ಮುಂದೆ ಹಾಮನ ಮಗ ಕಾನಾನ ತನ್ನ ಪಾಲನ್ನು ಬಿಟ್ಟು ಶೇಮನ ಪಾಲಿನಲ್ಲಿ ಹೋಗಿ ಕೂತ ಎಂಬ ತಕರಾರೂ ಆ ಗ್ರಂಥದಲ್ಲಿದೆ. ಪಾಲುಪಟ್ಟಿಯ ಜಗಳ ಕಂಡ ನಮ್ಮ ಮನೆಗಳಿಗೆ ಈ ಕಥೆ ದೂರದ್ದಲ್ಲ.

ಮೂರನೆಯದು ಒಂದು ಸುಂದರ ತರ್ಕ. ಮಗು ಹುಟ್ಟಿದ ದಿನವೇ ಹೆಸರಿಡುವಾಗ, ಅವನ ಕಾಲದಲ್ಲಿ ಮುಂದೆ ಆಗಲಿರುವುದು ತಂದೆಗೆ ಹೇಗೆ ತಿಳಿಯಿತು? 11ನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿದ್ದ, ರಾಶಿ ಎಂದೇ ಪ್ರಸಿದ್ಧನಾದ ಯೆಹೂದಿ ವ್ಯಾಖ್ಯಾನಕಾರ ಹಳೆಯ ಗುರುಗಳ ಮಾತನ್ನು ಎತ್ತಿ ಹೇಳುತ್ತಾನೆ: ಹಾಗಾದರೆ ತಂದೆ ಏಬೆರ ಪ್ರವಾದಿಯಾಗಿದ್ದಿರಬೇಕು. ಚದುರಿದ್ದು ಪೆಲೆಗನ ಬಾಳಿನ ಮೊದಲಲ್ಲಿ ಅಲ್ಲ, ಏಕೆಂದರೆ ಅವನ ತಮ್ಮ ಯೊಕ್ತಾನನಿಗೆ ಅಷ್ಟು ಹೊತ್ತಿಗೆ ಅನೇಕ ಕುಟುಂಬಗಳು ಹುಟ್ಟಿದ್ದವು. ನಡುವಿನಲ್ಲೂ ಅಲ್ಲ, ಹಾಗಿದ್ದರೆ ವಚನ ಕಾಲವನ್ನು ತಿಳಿಸಿದಂತಾಗುವುದಿಲ್ಲ. ಆದ್ದರಿಂದ ಅದು ಅವನ ಕಡೆಯ ದಿನಗಳಲ್ಲಿ ಆಗಿರಬೇಕು. 'ಸೆದೆರ್ ಓಲಾಮ್' ಎಂಬ ಪ್ರಾಚೀನ ಕಾಲಗಣನೆಯ ಗ್ರಂಥದ ನಿಲುವೂ ಇದೇ.

ಈ ಲೆಕ್ಕವನ್ನು ನೀವೂ ಮನೆಯಲ್ಲಿ ಕೂತು ಮಾಡಬಹುದು. ಹನ್ನೊಂದನೆಯ ಅಧ್ಯಾಯದ ಪ್ರಕಾರ ಜಲಪ್ರಳಯವಾದ 2 ವರ್ಷಕ್ಕೆ ಅರ್ಪಕ್ಷದ ಹುಟ್ಟಿದ. ಅವನಿಗೆ 35 ತುಂಬಿದಾಗ ಶೆಲಹ, ಶೆಲಹನಿಗೆ 30 ಆದಾಗ ಏಬೆರ, ಏಬೆರನಿಗೆ 34 ಆದಾಗ ಪೆಲೆಗ. ಕೂಡಿಸಿದರೆ ಪ್ರಳಯದ ನಂತರದ 101ನೆಯ ವರ್ಷ. ಪೆಲೆಗ ಬದುಕಿದ್ದು 239 ವರ್ಷ, ಅಂದರೆ ಸತ್ತದ್ದು 340ರಲ್ಲಿ. ಅತ್ತ ಪೆಲೆಗನಿಗೆ 30ರಲ್ಲಿ ರೆಗೂ, ರೆಗೂವಿಗೆ 32ರಲ್ಲಿ ಸೆರೂಗ, ಸೆರೂಗನಿಗೆ 30ರಲ್ಲಿ ನಾಹೋರ, ನಾಹೋರನಿಗೆ 29ರಲ್ಲಿ ತೆರಹ, ತೆರಹನಿಗೆ 70ರಲ್ಲಿ ಅಬ್ರಹಾಮ ಹುಟ್ಟಿದರೆಂದು ಹಿಡಿದರೆ ಅಬ್ರಹಾಮನ ಹುಟ್ಟು 292ರಲ್ಲಿ. ಹಾಗಾಗಿ ಪೆಲೆಗ ಸಾಯುವಾಗ ಅಬ್ರಹಾಮನಿಗೆ 48 ವರ್ಷ. ಜನ ಚದುರಿದಾಗ ಅಬ್ರಹಾಮನ ವಯಸ್ಸು 48 ಎಂದು ಯೆಹೂದಿ ಪರಂಪರೆ ಹೇಳುವುದು ಈ ಲೆಕ್ಕದಿಂದಲೇ. ಇದೇ ಪಟ್ಟಿಯ ಪ್ರಕಾರ ಪೆಲೆಗ ತೀರಿಕೊಂಡಾಗ ಅವನ ತಂದೆ ಏಬೆರ ಬದುಕಿದ್ದ, ಶೇಮ ಬದುಕಿದ್ದ, ನೋಹನೂ ಬದುಕಿದ್ದ. ಏಬೆರ ಮಗನನ್ನು ಕಳೆದುಕೊಂಡು ಇನ್ನೂ 191 ವರ್ಷ ಬಾಳಿದ. ಅಂಕೆಗಳ ಒಣ ಸಾಲಿನೊಳಗೆ ಪುತ್ರಶೋಕವೊಂದು ಅಡಗಿದೆ, ಕೂಡಿಸಿ ನೋಡಿದವರಿಗೆ ಮಾತ್ರ ಅದು ಕಾಣುತ್ತದೆ. ಇಷ್ಟೆಲ್ಲ ಹೀಬ್ರೂ ಪಾಠದ ಅಂಕೆಗಳು. ಗ್ರೀಕ್ ಅನುವಾದದಲ್ಲಿ ಪೆಲೆಗನಿಗೆ ಮಗ ಹುಟ್ಟಿದ್ದು 30ರಲ್ಲಿ ಅಲ್ಲ, 130ರಲ್ಲಿ.

ಈಗ ಖಂಡಗಳ ಮಾತು. ಭೂಮಿ ಎಂಬುದಕ್ಕೆ ಅಲ್ಲಿರುವ ಹೀಬ್ರೂ ಪದ 'ಎರೆಟ್ಸ್'. ಅದಕ್ಕೆ ನೆಲ, ನಾಡು ಎಂಬ ಅರ್ಥಗಳಿವೆ, ಆ ನೆಲದ ಮೇಲಿರುವ ಜನರೂ ಅದರಲ್ಲಿ ಸೇರುತ್ತಾರೆ. ಮುಂದಿನ ಅಧ್ಯಾಯದ ಮೊದಲ ವಚನದಲ್ಲೇ ಭೂಮಿಗೆಲ್ಲ ಒಂದೇ ಭಾಷೆ ಇತ್ತೆಂದು ಹೇಳುವಾಗ ಇದೇ ಪದವಿದೆ. ಮಣ್ಣು ಮಾತನಾಡುವುದಿಲ್ಲ, ಮಾತನಾಡುವವರು ಜನ. ನಾವು 'ಊರೆಲ್ಲ ನಕ್ಕಿತು' ಎನ್ನುವ ಹಾಗೆ. ಅಲ್ಲದೆ ಹತ್ತನೆಯ ಅಧ್ಯಾಯ ಉದ್ದಕ್ಕೂ ಹೇಳುತ್ತಿರುವುದು ಜನಾಂಗಗಳು ಕುಲಕುಲವಾಗಿ, ಭಾಷೆಭಾಷೆಯಾಗಿ ಬೇರೆಬೇರೆ ನಾಡುಗಳಿಗೆ ಹಬ್ಬಿದ ಸಂಗತಿಯನ್ನು. ಆ ಮಾತಿನ ನಡುವೆ ನೆಲದಡಿಯ ಬಂಡೆ ಒಡೆದ ಸುದ್ದಿಗೆ ಜಾಗವಿಲ್ಲ.

ಖಂಡಗಳು ಒಡೆದದ್ದಂತೂ ನಿಜ, ಆದರೆ ಅದರ ಕಾಲಮಾನವೇ ಬೇರೆ. ಎಲ್ಲ ಖಂಡಗಳೂ ಕೂಡಿದ್ದ ಪಾಂಜಿಯಾ ಎಂಬ ಭೂಭಾಗ ಒಡೆಯತೊಡಗಿದ್ದು ಸುಮಾರು 20 ಕೋಟಿ ವರ್ಷಗಳ ಹಿಂದೆ. ಭೂಫಲಕಗಳು ಸರಿಯುವುದು ವರ್ಷಕ್ಕೆ ಕೆಲವೇ ಸೆಂಟಿಮೀಟರು. ಇದರ ಸಾಕ್ಷಿ ನಮ್ಮ ಕಡಲಲ್ಲೇ ಇದೆ. ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುವ ಸೇಂಟ್ ಮೇರೀಸ್ ದ್ವೀಪದ ಕಂಬಗಳಂಥ ಕಲ್ಲುಗಳು, ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲಕ್ಕೆ ಉಕ್ಕಿದ ಲಾವಾ ತಣಿದು ಆದವು. ಅವುಗಳ ವಯಸ್ಸು ಸುಮಾರು 9 ಕೋಟಿ ವರ್ಷ. ಭೂಮಿ ಸೀಳಿದ್ದನ್ನು ನೋಡಬೇಕೆಂದರೆ ಮಲ್ಪೆಗೆ ಹೋಗಿ. ಪೆಲೆಗನ 239 ವರ್ಷದ ಬಾಳಿನೊಳಗೆ ಅದನ್ನು ತುರುಕಿದರೆ ಕಲ್ಲಿಗೂ ಅನ್ಯಾಯ, ವಚನಕ್ಕೂ ಅನ್ಯಾಯ.

ಪೆಲೆಗ ವ್ಯಕ್ತಿಯೋ ಊರೋ ಎಂಬ ಪ್ರಶ್ನೆಯನ್ನು ಹೆಸರುಗಳ ವಿದ್ವಾಂಸರು ಕೇಳುತ್ತಾರೆ. ಅವನ ಸುತ್ತಲಿನ ಹೆಸರುಗಳನ್ನು ಉತ್ತರ ಮೆಸೊಪಟೇಮಿಯದ ನಕಾಶೆಯ ಮೇಲಿಟ್ಟರೆ ಅದಕ್ಕೆ ಕಾರಣ ತಿಳಿಯುತ್ತದೆ. ಸೆರೂಗನ ಹೆಸರಿನ 'ಸರೂಗಿ' ಅಸ್ಸೀರಿಯದ ಬರಹಗಳಲ್ಲಿ ಬರುವ ಊರು, ಈಗ ತುರ್ಕಿಯ ಸುರುಚ್. ನಾಹೋರನ ಹೆಸರಿನ 'ನಖುರ್', ಮಾರಿ ನಗರದಲ್ಲಿ ಸಿಕ್ಕ ಕ್ರಿಸ್ತಪೂರ್ವ 18ನೆಯ ಶತಮಾನದ ಮಣ್ಣಿನ ಹಲಗೆಗಳಲ್ಲಿದೆ. ತೆರಹನನ್ನು ನೆನಪಿಸುವ 'ತಿಲ್ ಶ ತುರಾಖಿ' ಎಂಬ ಊರು ಬಲೀಖ್ ನದಿಯ ಕಡೆಯದು. ಇವೆಲ್ಲ ಅಬ್ರಹಾಮನ ಮನೆಯವರು ನೆಲೆಸಿದ್ದ ಹರಾನಿನ ಆಸುಪಾಸು. ಪೆಲೆಗನಿಗೂ ಇಂಥದೊಂದು ಊರನ್ನು ತೋರಿಸುತ್ತಾರೆ. ಯೂಫ್ರೆಟಿಸ್ ನದಿಯ ಮೇಲೆ, ಖಾಬೂರ್ ನದಿ ಬಂದು ಸೇರುವ ಜಾಗದ ಹತ್ತಿರ, ಗ್ರೀಕ್ ಬರಹಗಾರರು ಫಲಿಗಾ ಅಥವಾ ಫಲ್ಗಾ ಎಂದು ಕರೆದ ಊರಿತ್ತು. ಅಲ್ಲಿನವರ ಭಾಷೆಯಲ್ಲಿ ಅದಕ್ಕೆ ನಡು ಎಂಬ ಅರ್ಥವೆಂದೂ ಅವರು ಬರೆದಿಟ್ಟಿದ್ದಾರೆ. ಮನುಷ್ಯನಿಂದ ಊರಿಗೆ ಹೆಸರು ಬಂತೋ, ಊರಿನಿಂದ ವಂಶಕ್ಕೆ ಬಂತೋ, ಎರಡೂ ಲೋಕದಲ್ಲಿ ನಡೆಯುವಂಥವೇ. ನಮ್ಮಲ್ಲಿ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತು ಎಷ್ಟೋ ತಲೆಮಾರು ನಡೆದ ಮನೆತನಗಳು ಎಷ್ಟಿಲ್ಲ?

ಪೆಲೆಗನ ಅಜ್ಜ, ಅಪ್ಪನ ಹೆಸರುಗಳಿಗೂ ನೀರಿನ ಪಸೆಯಿದೆ. ಏಬೆರ ಎಂಬುದರ ಧಾತುವಿಗೆ ದಾಟು ಎಂಬ ಅರ್ಥ, 'ಏವೆರ್' ಎಂದರೆ ನದಿಯ ಆಚೆ ದಡ. ನಮ್ಮ ಬೈಬಲಿನಲ್ಲಿ ಬರುವ 'ಇಬ್ರಿಯ' ಎಂಬ ಜನಾಂಗದ ಹೆಸರನ್ನು ಈ ಏಬೆರನಿಗೇ ಜೋಡಿಸುತ್ತಾರೆ. ಶೆಲಹ ಎಂಬ ಹೆಸರು ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಜೆರೂಸಲೇಮಿನ ಒಂದು ಕೊಳದ ಹೆಸರಾಗಿ ಬರುತ್ತದೆ. ಕೊಳ, ಆಚೆ ದಡ, ಕಾಲುವೆ: ಮೂರು ತಲೆಮಾರು ನೀರಿನ ದಂಡೆಯಲ್ಲೇ ನಡೆದಂತಿದೆ.

ಇಷ್ಟಾದರೂ ಈ ಹೆಸರಿನ ಪೂರ್ತಿ ಅರ್ಥ ನಿಘಂಟಿನಲ್ಲಿ ಸಿಗುವುದಿಲ್ಲ ಎಂಬುದು ನನ್ನ ನಂಬಿಕೆ. ಅದು ಸಿಗುವುದು ಪಟ್ಟಿಯಲ್ಲಿ ಆ ಹೆಸರು ನಿಂತ ಜಾಗದಲ್ಲಿ. ಶೇಮನಿಂದ ಅಬ್ರಹಾಮನವರೆಗೆ ಎಣಿಸಿ. ಹತ್ತು ಹೆಸರು. ಪೆಲೆಗ ಐದನೆಯವನು, ಸರಿಯಾಗಿ ಅರ್ಧಕ್ಕೆ ಬಂದು ನಿಂತವನು. ಆಯುಸ್ಸುಗಳನ್ನು ನೋಡಿ. ಅವನ ಹಿಂದಿನವರು 438, 433, 464 ವರ್ಷ ಬದುಕಿದವರು. ಪೆಲೆಗನ ಹತ್ತಿರ ಬರುವಾಗ ಅದು ಒಮ್ಮೆಲೇ 239ಕ್ಕೆ ಇಳಿಯುತ್ತದೆ, ಹೆಚ್ಚುಕಡಿಮೆ ಅರ್ಧ. ಮುಂದೆ ಈ ಪಟ್ಟಿಯಲ್ಲಿ ಅದು 239ನ್ನು ಮೀರುವುದೇ ಇಲ್ಲ. ಅರಾಮಿಕ್ಕಿನಲ್ಲಿ ಈ ಬೇರಿಗೆ ಅರ್ಧ ಎಂಬ ಅರ್ಥವಿರುವುದನ್ನು ನೆನೆದುಕೊಳ್ಳಿ.

ಅದಕ್ಕಿಂತ ದೊಡ್ಡದು ವಂಶದ ಕವಲು. ಏಬೆರನಿಗೆ ಪೆಲೆಗ, ಯೊಕ್ತಾನ ಎಂದು ಇಬ್ಬರು ಗಂಡುಮಕ್ಕಳು. ಹತ್ತನೆಯ ಅಧ್ಯಾಯ ಪೆಲೆಗನ ಹೆಸರನ್ನು ಹೇಳಿ ಅಲ್ಲಿಗೇ ಬಿಟ್ಟು, ಯೊಕ್ತಾನನ 13 ಮಕ್ಕಳನ್ನು ಎಣಿಸುತ್ತ ಅರೇಬಿಯದ ಕಡೆಗೆ ಹೋಗುತ್ತದೆ. ಅವರಲ್ಲಿ ಶೆಬ ಇದ್ದಾನೆ, ಓಫೀರ ಇದ್ದಾನೆ, ಇಂದಿನ ಯೆಮೆನ್ ನಾಡಿನ ಹದ್ರಮೌತ್ ಪ್ರದೇಶದ ಹೆಸರನ್ನೇ ಹೊತ್ತ ಹಚರ್ಮಾವೆತನಿದ್ದಾನೆ. ಮುಂದೆ ಅರಬ್ ವಂಶಾವಳಿಕಾರರು ದಕ್ಷಿಣದ ಅರಬರ ಮೂಲಪುರುಷ ಕಹ್ತಾನನನ್ನು ಈ ಯೊಕ್ತಾನನೊಡನೆ ಗುರುತಿಸಿದರು. ಹನ್ನೊಂದನೆಯ ಅಧ್ಯಾಯಕ್ಕೆ ಬನ್ನಿ. ಅಲ್ಲಿ ಯೊಕ್ತಾನನ ಸುದ್ದಿಯೇ ಇಲ್ಲ. ಪಟ್ಟಿ ಪೆಲೆಗನನ್ನು ಹಿಡಿದು ರೆಗೂ, ಸೆರೂಗ, ನಾಹೋರ, ತೆರಹರ ಮೂಲಕ ಅಬ್ರಹಾಮನನ್ನು ಮುಟ್ಟುತ್ತದೆ. ನಡುವೆ ನಿಂತಿರುವುದು ಬಾಬೆಲಿನ ಕಥೆ. ಒಂದೇ ಏಬೆರನಿಂದ ಎರಡು ಕಾಲುವೆ ಹೊರಟವು. ಕವಲೊಡೆದ ಜಾಗದಲ್ಲಿ ನಿಂತವನ ಹೆಸರೇ ಕವಲು. ಪಟ್ಟಿ ಬರೆದವನು ಇಲ್ಲೇ ಏಕೆ ನಿಂತ ಎಂಬುದಕ್ಕೆ ಇದಕ್ಕಿಂತ ಒಪ್ಪುವ ಕಾರಣ ನನಗೆ ತೋರುವುದಿಲ್ಲ.

ವಿಭಾಗ ಎಂದೊಡನೆ ಜಗಳ, ಅಗಲಿಕೆ ಎಂದು ಮನಸ್ಸು ಮುದುಡುತ್ತದೆ. ಆದರೆ ಈ ಹೆಸರಿನ ಮೂಲದಲ್ಲಿರುವ ವಿಭಾಗ ಕಾಲುವೆಯದು. ಒಮಾನಿನಲ್ಲಿ ದುಡಿಯುವ ನಮ್ಮ ಕರಾವಳಿಯವರು ಇದನ್ನು ಕಣ್ಣಾರೆ ಕಂಡಿರಬಹುದು. ಅಲ್ಲಿ ನೀರಾವರಿಯ ಕಾಲುವೆಗೆ ಇಂದಿಗೂ ಫಲಜ್ ಎಂದೇ ಹೆಸರು, ಪೆಲೆಗನ ಹೆಸರಿನ ಒಡಹುಟ್ಟಿದ ಮಾತು. ಬೆಟ್ಟದ ಬುಡದಲ್ಲಿ ನೆಲದಡಿಯ ನೀರನ್ನು ಹಿಡಿದು ಸುರಂಗದಲ್ಲೂ ತೆರೆದ ಕಾಲುವೆಯಲ್ಲೂ ಊರಿಗೆ ಹರಿಸುತ್ತಾರೆ. ಅಂಥವು ಸುಮಾರು 3,000 ಈಗಲೂ ಬಳಕೆಯಲ್ಲಿವೆ. ಅವುಗಳಲ್ಲಿ 5ನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ನಿಜ್ವಾ ಊರಿನ ಫಲಜ್ ದಾರಿಸ್ ಅವುಗಳಲ್ಲೊಂದು. ಕುಡಿಯುವ ನೀರು ಮೊದಲು, ಖರ್ಜೂರದ ತೋಟ, ಹೊಲಗಳು ಆಮೇಲೆ. ತೋಟಗಳ ಸರದಿಯನ್ನು ಹಗಲು ನೆರಳು ಅಳೆದು, ಇರುಳು ನಕ್ಷತ್ರ ನೋಡಿ ಹಂಚುತ್ತಿದ್ದರು. 'ಅಥರ್' ಎಂಬ ಒಂದು ಪಾಲು ಹೆಚ್ಚುಕಡಿಮೆ ಅರ್ಧ ಗಂಟೆಯ ನೀರು. ಹರಿಯುವ ನೀರನ್ನು ಭಾಗಮಾಡದಿದ್ದರೆ ಮೊದಲ ತೋಟ ಕೊಳೆಯುತ್ತಿತ್ತು, ಕೊನೆಯ ತೋಟ ಒಣಗುತ್ತಿತ್ತು. ಭಾಗಮಾಡಿದ್ದರಿಂದಲೇ ಊರು ಉಳಿಯಿತು.

ಅದರಿಂದ, ನಿಮ್ಮ ಮನೆಯಲ್ಲಿ ಮುಂದಿನ ಸಲ ಹತ್ತನೆಯ ಅಧ್ಯಾಯ ಬಂದಾಗ ಒಂದು ಕೆಲಸ ಮಾಡಿ. ಒಂದು ಹಾಳೆಯ ಮೇಲೆ ಏಬೆರನ ಹೆಸರು ಬರೆದು, ಕೆಳಗೆ ಎರಡು ಗೆರೆ ಎಳೆಯಿರಿ. ಒಂದರ ಕೆಳಗೆ ಯೊಕ್ತಾನನ 13 ಮಕ್ಕಳು, ಇನ್ನೊಂದರ ಕೆಳಗೆ ಪೆಲೆಗನಿಂದ ಅಬ್ರಹಾಮನವರೆಗಿನ ಹೆಸರುಗಳು. ಬರೆದು ಮುಗಿಸಿದಾಗ ಹಾಳೆಯ ಮೇಲೆ ಮೂಡಿರುವ ಚಿತ್ರವನ್ನು ಮನೆಯ ಮಕ್ಕಳಿಗೆ ತೋರಿಸಿ, ಇದೇನೆಂದು ಕೇಳಿ. ತೋಟಕ್ಕೆ ನೀರು ಕಟ್ಟಿದ ಮಗುವಾದರೆ ಕಾಲುವೆ ಎನ್ನುತ್ತದೆ. ಹೀಬ್ರೂವಿನಲ್ಲಿ ಅದಕ್ಕೆ ಪೆಲೆಗ್ ಎನ್ನುತ್ತಾರೆಂದು ಆಗ ಹೇಳಿ.